ಗೊದಮೊಟ್ಟೆ ಸಾಕಿದವರು

ಜನವರಿ 11

ತಮ್ಮಾ,

ಮೊನ್ನೆ ಫೋನಿನಲ್ಲಿ "ಚೆನ್ನಾಗಿದ್ದೀನಿ ಕಣೋ" ಎಂದೆನಲ್ಲ, ಅದು ನಿನಗೆ ಹೇಳಿದ್ದಲ್ಲ. ಹೊಲಿಗೆ ಯಂತ್ರ ನಿಲ್ಲಿಸಿ ಕಿವಿ ಇತ್ತಲೇ ಇಟ್ಟುಕೊಂಡಿದ್ದ ಅಮ್ಮನಿಗೆ ಹೇಳಿದ್ದು. ಇರುವುದೇ ಎರಡು ಕೋಣೆ. ಅವಳಿಗೆ ಕೇಳದ ಹಾಗೆ ಏನಾದರೂ ಹೇಳಬೇಕಾದರೆ ಬರೆಯುವುದೊಂದೇ ದಾರಿ. ನಿನ್ನ ಹಡಗು ಯಾವ ಬಂದರು ಯಾವಾಗ ಮುಟ್ಟುತ್ತದೋ, ಕಂಪನಿ ಏಜೆಂಟ್ ಇದನ್ನು ನಿನ್ನ ಕೈಗೆ ಯಾವಾಗ ಕೊಡುತ್ತಾನೋ. ತಡವಾದರೂ ಚಿಂತೆಯಿಲ್ಲ, ನನ್ನ ಹೊಟ್ಟೆಯೊಳಗಿನ ಉರಿ ಅಷ್ಟು ಬೇಗ ಆರುವಂಥದ್ದಲ್ಲ.

ವಿಷಯ ಇಷ್ಟೇ. ಜೂನ್ ಕೊನೆಗೆ ನನ್ನ ಒಪ್ಪಂದ ಮುಗಿಯುತ್ತದೆ. ಇದು ಮೂರನೆಯದು. ನಾಲ್ಕನೆಯದಕ್ಕೆ ವಿಶ್ವವಿದ್ಯಾಲಯದ ನಿಯಮ ಒಪ್ಪುವುದಿಲ್ಲವಂತೆ. ಬಾಸ್ ಇದನ್ನು ಹೇಳಿದ್ದು ಕಾರಿಡಾರಿನಲ್ಲಿ, ಕೈಯಲ್ಲಿ ಕಾಫಿ ಲೋಟ ಹಿಡಿದುಕೊಂಡು. "ನೀವು ಎಲ್ಲಾದ್ರೂ ಸೆಟ್ಲ್ ಆಗ್ತೀರಿ ಬಿಡಿ, ಬುದ್ಧಿವಂತರು" ಎಂದರು. ಬುದ್ಧಿವಂತರು ಎಂದು ಬೆನ್ನು ತಟ್ಟಿ ಬಾಗಿಲು ತೋರಿಸುವುದು ಇಲ್ಲಿಯ ಮರ್ಯಾದೆ. ಜೂನ್ ಆದ ಮೇಲೆ ನನ್ನ ಮೀನುಗಳು ಯಾರ ಪಾಲೋ ಗೊತ್ತಿಲ್ಲ. ಅರ್ಧ ಬೆರಳುದ್ದದ ಆ ಪಟ್ಟೆ ಮೀನಿನ ಹೃದಯದ ತುದಿ ಕತ್ತರಿಸಿದರೆ ಅದು ಮತ್ತೆ ಹೇಗೆ ಬೆಳೆದುಕೊಳ್ಳುತ್ತದೆ ಎನ್ನುವುದಕ್ಕೆ ನನ್ನ ಏಳೆಂಟು ವರ್ಷ ಸುರಿದಿದ್ದೇನೆ. ಸ್ವಂತ ಲ್ಯಾಬು ಕೊಡುವ ಒಂದು ಕಾಯಂ ಕೆಲಸ ಸಿಗದಿದ್ದರೆ ಅದೆಲ್ಲ ಅಲ್ಲಿಗೇ ನಿಂತಿತು.

ಇದರ ನಡುವೆ ಡೀನ್ ಕಚೇರಿಗೆ ಇದ್ದಕ್ಕಿದ್ದ ಹಾಗೆ ಪಿಎಚ್‌.ಡಿ. ಮುಗಿಸಿ ಒಪ್ಪಂದದ ಮೇಲೆ ದುಡಿಯುವ ನಮ್ಮಂಥ ಪೋಸ್ಟ್‌ಡಾಕ್‌ಗಳ ನೆನಪಾಗಿದೆ. ನಾವು ವಿದ್ಯಾರ್ಥಿಗಳೂ ಅಲ್ಲ, ಮೇಷ್ಟರೂ ಅಲ್ಲ, ಎಡಬಿಡಂಗಿಗಳು. ನಮಗೊಂದು ಬಳಗ ಬೇಕಂತೆ. ಪರಸ್ಪರ ಪರಿಚಯ, ಮುಂದಿನ ಕೆಲಸಕ್ಕೆ ಮಾರ್ಗದರ್ಶನ, ಸಂದರ್ಶನಕ್ಕೆ ತಯಾರಿ. ಸಂಚಾಲಕಿ ಯಾರು ಹೇಳು? ಮುಳುಗುತ್ತಿರುವವಳನ್ನೇ ಈಜು ಕಲಿಸಲು ಕರೆದಿದ್ದಾರೆ. ಒಲ್ಲೆ ಎನ್ನುವುದಕ್ಕೆ ಬಾಯಿ ತೆಗೆದವಳು ಹ್ಞೂಂ ಎಂದು ಬಂದೆ. ಸುಮ್ಮನೆ ಕೂತರೆ ತಲೆ ಕೆಡುತ್ತದೆ, ಅದಕ್ಕೆ.

ಕೊಟ್ಟಿರುವ ಜಾಗ ಮೆಟ್ಟಿಲ ಕೆಳಗಿನ ಕೋಣೆ. ಮುರಿದ ಕುರ್ಚಿಗಳನ್ನು ಇಡುತ್ತಿದ್ದರು. ಯಾರಾದರೂ ಮೆಟ್ಟಿಲಿಳಿದರೆ ನಮ್ಮ ನೆತ್ತಿಯ ಮೇಲೆ ಧಡಧಡ. ಮೊದಲ ಗುರುವಾರ ಎಲ್ಲರೂ ನಡುವೆ ಒಂದೊಂದು ಕುರ್ಚಿ ಬಿಟ್ಟು ಕೂತರು. ಎಷ್ಟೋ ವರ್ಷದಿಂದ ಒಂದೇ ಲಿಫ್ಟಿನಲ್ಲಿ ಏರಿಳಿದವರು ನಾವು, ಒಬ್ಬರ ಹೆಸರು ಒಬ್ಬರಿಗೆ ಗೊತ್ತಿಲ್ಲ! ಒಬ್ಬ ಬಾಗಿಲಿಗೆ ತಲೆ ತಾಗಿಸಿಕೊಂಡೇ ಒಳಗೆ ಬಂದ, ಉದ್ದಣ್ಣ ಎಂದು ಹೆಸರಿಟ್ಟೆ. ಇನ್ನೊಬ್ಬಳು ಪಕ್ಕದ ಲ್ಯಾಬಿನವಳು, ಇಡೀ ಹೊತ್ತು ಬಾಯೇ ಬಿಡಲಿಲ್ಲ, ಅವಳು ಮೌನಿ. ಒಂದು ನಿಯಮ ಮಾಡಿದ್ದೇನೆ. ಆ ವಾರ ಯಾರಿಗೆ "ವಿಷಾದಿಸುತ್ತೇವೆ" ಎಂಬ ಉತ್ತರ ಬಂದಿದೆಯೋ ಅವರಿಗೆ ಮೊದಲ ಟೀ, ಉಳಿದವರು ಬಡಿಸಬೇಕು. ಮೊದಲ ವಾರವೇ ಬಡಿಸುವವರಿಗಿಂತ ಕುಡಿಯುವವರು ಜಾಸ್ತಿಯಾದರು.

ಅಮ್ಮನಿಗೆ ಜೂನ್ ವಿಷಯ ಹೇಳಬೇಡ.

ನಿನ್ನ ಅಕ್ಕ


ಫೆಬ್ರವರಿ 6

ಅಕ್ಕಾ,

ನಿನ್ನ ಕಾಗದ ಎಂಜಿನ್ ಎಣ್ಣೆ ಮೆತ್ತಿದ ಕೈಯಲ್ಲೇ ಒಡೆದೆ, ಹೆಬ್ಬೆಟ್ಟಿನ ಗುರುತು ಬಿದ್ದಿದೆ. ನಿನ್ನ ಬಾಸ್ ಕಾಫಿ ಹಿಡಿದು ಹೇಳಿದನಲ್ಲ, ನಮ್ಮಲ್ಲಿ ಅದೂ ಇಲ್ಲ. ಒಪ್ಪಂದ ಮುಗಿದ ದಿನ ಏಣಿ ಇಳಿಸುತ್ತಾರೆ, ಇಳಿದು ಹೋಗಬೇಕು. ಈ ಮನೆಯಲ್ಲಿ ಹುಟ್ಟಿದವರಿಗೆಲ್ಲ ಒಪ್ಪಂದದ ಹಣೆಬರಹ ಅಂತ ಕಾಣುತ್ತೆ. ಅಮ್ಮನೇ ವಾಸಿ, ಅವಳ ಹೊಲಿಗೆ ಯಂತ್ರಕ್ಕೆ ಅವಳೇ ಡೀನು.

ಆದರೆ ಸಂದರ್ಶನದ ತಯಾರಿ ಅಂದೆಯಲ್ಲ, ಅದರ ಬಗ್ಗೆ ಒಂದು ಮಾತು. ನಮಗೂ ಇಲ್ಲಿ ಬೆಂಕಿ ಡ್ರಿಲ್ ಅಂತ ಇದೆ. ಗಂಟೆ ಬಾರಿಸಿದ ಕೂಡಲೇ ಹಿಂದಿನ ಬಾಗಿಲಿಗೆ ಓಡಬೇಕು. ಎಲ್ಲರೂ ಏನು ಚಂದ ಓಡುತ್ತೇವೆ ಅಂತೀ! ಹೋದ ತಿಂಗಳು ಅಡುಗೆಮನೆಯಲ್ಲಿ ನಿಜವಾಗಿಯೂ ಹೊಗೆ ಎದ್ದಿತು. ಎಲ್ಲರೂ ಕಲಿತ ಪ್ರಕಾರ ಅದೇ ಹಿಂದಿನ ಬಾಗಿಲಿಗೆ ನುಗ್ಗಿ ಸಿಕ್ಕಿಹಾಕಿಕೊಂಡರು. ಮುಂದಿನ ಬಾಗಿಲು ಹಾ ಅಂತ ತೆರೆದೇ ಇತ್ತು. ಸುಟ್ಟದ್ದು ಒಂದು ಬಾಣಲೆ, ಪುಣ್ಯ.

ಅಮ್ಮನಿಗೆ ಹೇಳಲ್ಲ. ಆದರೆ ಅವಳಿಗೆ ಗೊತ್ತಿಲ್ಲ ಅಂತ ನೀನು ಅಂದುಕೊಂಡಿದ್ದರೆ ನಿನ್ನ ಪಿಎಚ್‌.ಡಿ. ದಂಡ.

ನಿನ್ನ ಗ್ರೀಸ್ ತಮ್ಮ


ಮಾರ್ಚ್ 3

ತಮ್ಮಾ,

ಅಮ್ಮ ನಿನ್ನ ಲಕೋಟೆಯನ್ನು ಬೆಳಕಿಗೆ ಹಿಡಿದು ನೋಡಿ, "ಇಷ್ಟು ದಪ್ಪ ಏನ್ ಬರೀತಾನೆ ನಿಂಗೆ?" ಎಂದು ಗೊಣಗಿದಳು. ಹಡಗಿನ ವಿಷಯ ಎಂದು ಹೇಳಿ ತಪ್ಪಿಸಿಕೊಂಡೆ.

ಬಳಗ ಬೆಳೆದಿದೆ ಕಣೋ. ಕುರ್ಚಿ ಸಾಲದೆ ಕೆಲವರು ಬಾಗಿಲಲ್ಲೇ ನಿಲ್ಲುತ್ತಾರೆ. ಒಬ್ಬಳು ಮಗುವನ್ನು ಎತ್ತಿಕೊಂಡು ಬರುತ್ತಾಳೆ, ಆ ಮಗು ಎಲ್ಲರ ಕೈಯಲ್ಲಿ ಒಂದು ಸುತ್ತು ಹೋಗಿ ಬರುತ್ತದೆ. ಒಬ್ಬನ ಯಂತ್ರ ಕೆಟ್ಟರೆ ಇನ್ನೊಬ್ಬ ತನ್ನ ಲ್ಯಾಬಿಗೆ ಕರೆದುಕೊಂಡು ಹೋಗುತ್ತಾನೆ. ಮೊದಲು ಹೀಗಿರಲಿಲ್ಲ. ಇದೊಂದು ನೋಡಿದಾಗ ಮಾತ್ರ ಮನಸ್ಸು ಒಂದು ಗಳಿಗೆ ನೆಟ್ಟಗೆ ನಿಲ್ಲುತ್ತದೆ.

ಈಗ ಪ್ರತಿ ವಾರ ಅಣಕು ಸಂದರ್ಶನ. ಒಬ್ಬರನ್ನು ನಡುವೆ ಕೂರಿಸಿ ಮೂವರು ಎದುರಿಗೆ ಕೂತು ಹುರಿಯುವುದು. ನನಗೆ ಯಮ ಎಂದು ಹೆಸರು ಬಿದ್ದಿದೆ. ಸಂಶೋಧನೆ ಬಗ್ಗೆ ಏನು ಕೇಳಿದರೂ ಎಲ್ಲರೂ ಪಟಪಟ ಹೇಳುತ್ತಾರೆ. "ಈ ಕ್ಷೇತ್ರಕ್ಕೆ ಯಾಕೆ ಬಂದ್ರಿ?" ಎಂದರೆ ಮುಗಿಯಿತು. ಉದ್ದಣ್ಣ, "ಅದು... ಅಂದ್ರೆ... ಮೂಲತಃ..." ಎಂದು ಬೆವರು ಒರೆಸಿಕೊಂಡ. ಮೌನಿ ಮೌನಿಯೇ ಆದಳು. ನನಗೆ ರೇಗಿಹೋಯಿತು. ಏಳ್ರೀ ಎಂದು ಅವರನ್ನು ಎಬ್ಬಿಸಿ ನಾನೇ ಆ ಕುರ್ಚಿಯಲ್ಲಿ ಕೂತು ತೋರಿಸಿದೆ.

ನಮ್ಮ ಗೊದಮೊಟ್ಟೆ ಕಥೆ ಹೇಳಿದೆ. ಮಳೆಗಾಲ, ನಾನು ಮೋರಿ ಪಕ್ಕದ ಗುಂಡಿಯಿಂದ ಗೊದಮೊಟ್ಟೆ ಹಿಡಿದು ತಂದು ಕುಡಿಯುವ ನೀರಿನ ಕೊಡದಲ್ಲಿ ಬಿಟ್ಟದ್ದು. ಮುಂದಿನ ಕಾಲು ಮೊದಲು ಬರುತ್ತದೋ ಹಿಂದಿನದೋ ಎಂದು ದಿನಾ ಬೆಳಗ್ಗೆ ಇಣುಕಿದ್ದು. ಮನೆ ಓನರ್ ಹೆಂಗಸಿಗೆ ಅಮ್ಮ ಅದೇ ಕೊಡದಿಂದ ನೀರು ಕೊಟ್ಟು, ಲೋಟದಲ್ಲಿ ಬಾಲ ಅಲ್ಲಾಡಿದ್ದು. ನನಗೆ ಏಟು ಬಿದ್ದದ್ದು, ಅಮ್ಮ ಕೊಡವನ್ನು ಮೋರಿಗೆ ಸುರಿದದ್ದು, ನಾನು ಮೋರಿಯುದ್ದಕ್ಕೂ ಅಳುತ್ತಾ ಹುಡುಕಿದ್ದು. ಹೇಳಿ ಮುಗಿಸಿದಾಗ ಮೌನಿಯ ಕಣ್ಣು ಒದ್ದೆಯಾಗಿತ್ತು. "ನೋಡಿ, ಹೀಗೆ ಹೇಳ್ಬೇಕು. ಕೇಳೋರ ಕಣ್ಣಿಗೆ ಏನಾದ್ರೂ ಕಾಣ್ಬೇಕು" ಎಂದು ಭಾಷಣ ಬಿಗಿದೆ. ಡೀನ್ ಕಚೇರಿಯವರು ಇದನ್ನು ಹೊಸಬರಿಗೆ ಮಾದರಿ ಎಂದು ಇನ್ನೊಮ್ಮೆ ಹೇಳಿಸಿದರು.

ಈಗ ನಿಜವಾದ ವಿಷಯ. ಪಕ್ಕದ ನಗರದ ವಿಶ್ವವಿದ್ಯಾಲಯದಲ್ಲಿ ಒಂದು ಕಾಯಂ ಹುದ್ದೆ ಇದೆ. ಸ್ವಂತ ಲ್ಯಾಬು, ಮೀನಿನ ತೊಟ್ಟಿಗೆ ಬೇರೆ ಕೋಣೆ. ಅರ್ಜಿ ಹಾಕಿದ್ದೇನೆ. ಸಂದರ್ಶನಕ್ಕೆ ಕರೆ ಬಂದಿದೆ. ಯಾರಿಗೂ ಹೇಳಿಲ್ಲ. ಬಳಗ ಬಳಗ ಎಂದು ಎಷ್ಟೇ ಕುಣಿದರೂ, ಎಲ್ಲಿಗೆ ಅರ್ಜಿ ಹಾಕಿದ್ದೇವೆ ಎಂದು ಮಾತ್ರ ನಮ್ಮಲ್ಲಿ ಯಾರೂ ಬಾಯಿ ಬಿಡುವುದಿಲ್ಲ. ಸೋತ ಮೇಲೆ ಟೀ ಕುಡಿಯಲು ಬರುತ್ತೇವೆ, ಅಷ್ಟೇ. ಸಂಚಾಲಕಿಯೂ ಹಾಗೇ.

ಇದು ಸಿಗಲೇಬೇಕು ತಮ್ಮಾ. ಇದಲ್ಲದೆ ಜೂನ್‌ಗೆ ಮುಂಚೆ ಬೇರೆ ಯಾವುದೂ ಕಾಣುತ್ತಿಲ್ಲ.

ಅಕ್ಕ


ಮಾರ್ಚ್ 30

ತಮ್ಮಾ,

ಸಿಟ್ಟಿನಲ್ಲೇ ಬರೆಯುತ್ತಿದ್ದೇನೆ. ಅಕ್ಷರ ಓದಲಾಗದಿದ್ದರೆ ಬೈಯಬೇಡ.

ಹೋದೆ. ಹೊರಗೆ ಉದ್ದನೆಯ ಬೆಂಚು. ಅದರ ಮೇಲೆ ಯಾರು? ಮೊಣಕಾಲು ಗದ್ದಕ್ಕೆ ತಾಗಿಸಿಕೊಂಡು ಉದ್ದಣ್ಣ. ಆ ತುದಿಯಲ್ಲಿ ಮೌನಿ. ನನ್ನನ್ನು ನೋಡಿ ಉದ್ದಣ್ಣ ಶೂ ಲೇಸು ಕಟ್ಟಲು ಬಗ್ಗಿದ. ಅವನ ಶೂಗೆ ಲೇಸೇ ಇಲ್ಲ. ಪ್ರತಿ ಗುರುವಾರ ಒಂದೇ ಕೆಟಲಿನ ಟೀ ಕುಡಿದವರು, ಅಲ್ಲಿ ಬಸ್ ನಿಲ್ದಾಣದ ಅಪರಿಚಿತರ ಹಾಗೆ ಕೂತೆವು. ಅವನನ್ನು ಮೊದಲು ಕರೆದರು, ಆಮೇಲೆ ಅವಳನ್ನು. ನನ್ನದು ಕೊನೆ.

ಮೀನಿನ ಬಗ್ಗೆ ಚೆನ್ನಾಗಿ ಮಾತಾಡಿದೆ. ಅದನ್ನು ನಾನೇ ಹೇಳಿಕೊಳ್ಳಬಲ್ಲೆ. ಸಮಿತಿಯ ಮುಖ್ಯಸ್ಥೆ, ಕನ್ನಡಕಕ್ಕೆ ದಾರ ಕಟ್ಟಿಕೊಂಡ ಹೆಂಗಸು, ಎರಡು ಸಲ ಮುಂದಕ್ಕೆ ಬಾಗಿ ಕೇಳಿದರು. ಆಮೇಲೆ ಬಂತು, ಈ ಕ್ಷೇತ್ರಕ್ಕೆ ಯಾಕೆ ಬಂದಿರಿ ಎಂದು. ಶುರು ಮಾಡಿದೆ. ಮಳೆಗಾಲ, ಕೊಡ ಎನ್ನುವಷ್ಟರಲ್ಲಿ ಒಬ್ಬರು ಪೆನ್ನು ಕೆಳಗಿಟ್ಟರು. ಇನ್ನೊಬ್ಬರು ಕಿಸಕ್ಕೆಂದರು. ಮುಖ್ಯಸ್ಥೆ ಕನ್ನಡಕ ತೆಗೆದು, "ಬೆಳಗ್ಗೆಯಿಂದ ಇದು ಮೂರನೇ ಕೊಡ ಕಣಮ್ಮ. ನಿಮ್ಮ ಕಡೆ ಎಲ್ಲರ ಮನೇಲೂ ಗೊದಮೊಟ್ಟೆನೇ ಸಾಕ್ತಾರಾ?" ಎಂದರು.

"ಅದು ನಂದು. ಅವರಿಗೆ ನಾನೇ ಹೇಳಿಕೊಟ್ಟಿದ್ದು" ಎಂದೆ.

"ಅವರೂ ಹಾಗೇ ಅನ್ನಬಹುದಲ್ವಾ?"

ಆಮೇಲೆ ಯಾರೂ ಏನೂ ಕೇಳಲಿಲ್ಲ. ಹೊರಗೆ ಬಂದಾಗ ಬೆಂಚು ಖಾಲಿ. ಇಬ್ಬರೂ ಬೇರೆ ಬೇರೆ ಬಸ್ಸಿಗೆ ಹೋಗಿದ್ದರು.

ನನ್ನ ಬಾಲ್ಯವನ್ನೇ ಕದ್ದರಲ್ಲೋ! ಉದ್ದಣ್ಣನಿಗೇ ಕೆಲಸ ಸಿಕ್ಕಿತಂತೆ. ಕಥೆ ಅವನ ಬಾಯಿಂದ ಮೊದಲು ಬಂತಲ್ಲ, ಅವನ ಸರದಿಯಲ್ಲಿ ಅದು ಹೊಸದು. ಮೆಟ್ಟಿಲ ಕೆಳಗಿನ ಕೋಣೆಗೆ ಬೀಗ ಹಾಕಿ ಬೀಗದ ಕೈ ನನ್ನ ಬ್ಯಾಗಿನಲ್ಲೇ ಇಟ್ಟುಕೊಂಡಿದ್ದೇನೆ. ಬಳಗವೂ ಬೇಡ, ಭಜನೆಯೂ ಬೇಡ.

ಅಕ್ಕ


ಏಪ್ರಿಲ್ 22

ಅಕ್ಕಾ,

ನಿನ್ನ ಎರಡು ಕಾಗದ ಒಟ್ಟಿಗೇ ಸಿಕ್ಕವು. ಮೊದಲನೆಯದು ಓದಿ ಹುಬ್ಬೇರಿಸಿದೆ. ಎರಡನೆಯದು ಓದಿ ನಕ್ಕುಬಿಟ್ಟೆ. ತಪ್ಪು, ನಗಬಾರದಿತ್ತು. ನಿನಗೆ ಬೇಕಾಗಿದ್ದ ಕೆಲಸ ಹೋಯಿತು, ಅದಕ್ಕೆ ನನಗೂ ಸಂಕಟವೇ. ಆದರೆ ಕಳ್ಳರ ಮೇಲೆ ದೂರು ಕೊಡುವ ಮುಂಚೆ ಮಾಲು ಯಾರದು ಅಂತ ನೋಡಬೇಕಲ್ಲವಾ?

ಗೊದಮೊಟ್ಟೆ ನಂದು ಕಣೆ.

ಹಿಡಿದವನು ನಾನು, ನನ್ನ ಊಟದ ಡಬ್ಬಿಯಲ್ಲಿ ತಂದವನು ನಾನು, ತಣ್ಣಗಿರಲಿ ಅಂತ ಕೊಡಕ್ಕೆ ಬಿಟ್ಟವನು ನಾನು. ನೀನು ಸ್ಕೂಲಿಂದ ಬಂದವಳೇ ಕೊಡದಲ್ಲಿ ಇಣುಕಿ, "ಅಮ್ಮಾ, ಇವ್ನು ನೀರಲ್ಲಿ ಹುಳ ಬಿಟ್ಟಿದಾನೆ" ಅಂತ ಓಣಿಗೆಲ್ಲ ಕೇಳೋ ಹಾಗೆ ಚಾಡಿ ಹೇಳಿದೆ. ಏಟು ಬಿದ್ದದ್ದು ನನಗೆ. ಮೋರಿಯುದ್ದಕ್ಕೂ ಅತ್ತವನು ನಾನು. ಓನರ್ ಹೆಂಗಸು ನೀರು ಕುಡಿದದ್ದಂತೂ ಇಲ್ಲವೇ ಇಲ್ಲ, ಅದು ನೀನು ಹಾಕಿದ ಒಗ್ಗರಣೆ.

ನಿನ್ನ ವಿಜ್ಞಾನದ ಲೆಕ್ಕದಲ್ಲೇ ನೋಡು. ಗೊದಮೊಟ್ಟೆ ಸಾಕಿದವನು ಎಂಜಿನ್ ರೂಮಿನಲ್ಲಿ ನಟ್ಟು ಬಿಗಿಯುತ್ತಿದ್ದಾನೆ. ಹುಳ ಅಂತ ಕಿರುಚಿದವಳು ವಿಜ್ಞಾನಿ ಆಗಿದ್ದಾಳೆ. ಗೊದಮೊಟ್ಟೆ ಸಾಕಿದರೆ ವಿಜ್ಞಾನಿ ಆಗುತ್ತಾರೆ ಅನ್ನುವುದಕ್ಕೆ ಪುರಾವೆ ಎಲ್ಲಿದೆ?

ಕೋಪ ಇಲ್ಲ. ಬೇಕಾದರೆ ಆ ಕಥೆ ನೀನೇ ಇಟ್ಟುಕೋ. ಒಂದೇ ಒಂದು ಕೇಳುತ್ತೇನೆ, ಸಂದರ್ಶನಕ್ಕಲ್ಲ, ನನಗೆ. ನೀನು ಇದನ್ನ ನಿಜವಾಗಿ ಯಾಕೆ ಮಾಡ್ತೀಯ?

ಗೊದಮೊಟ್ಟೆಗಳ ನಿಜವಾದ ಯಜಮಾನ


ಮೇ 15

ತಮ್ಮಾ,

ನಿನ್ನ ಕಾಗದ ಓದಿ ಮೊದಲು ನಿನ್ನ ಮೇಲೆ ಉರಿದುಬಿದ್ದೆ. ನೀನು ಆಗ ಎಷ್ಟು ಮಹಾ ಇದ್ದೆ, ಏಳು ವರ್ಷದ ಪೋರ, ನಿನಗೇನು ನೆನಪಿರುತ್ತದೆ ಎಂದುಕೊಂಡು, ಗೊದಮೊಟ್ಟೆ ತಂದದ್ದು ಯಾರು ಎಂದು ಅಮ್ಮನನ್ನೇ ಕೇಳಿದೆ. ಅವಳು ಯಂತ್ರ ನಿಲ್ಲಿಸಿ, ದಾರ ಹಲ್ಲಲ್ಲಿ ಕಚ್ಚಿ ತುಂಡು ಮಾಡಿ, "ಅವ್ನೇ. ನೀನು ಹುಳ ಹುಳ ಅಂತ ಮಂಚ ಹತ್ತಿ ಕೂತಿದ್ದೆ" ಎಂದಳು. ಮತ್ತೆ ಯಂತ್ರ ಶುರುವಾಯಿತು.

ನಂಬುತ್ತೀಯೋ ಇಲ್ಲವೋ, ನಾನು ಬೇಕೆಂದು ಸುಳ್ಳು ಹೇಳಿದ್ದಲ್ಲ. ಅಳುತ್ತಾ ಮೋರಿಯುದ್ದಕ್ಕೂ ಹೋದದ್ದು ನಾನೇ ಎಂದು ನನಗೆ ಕಣ್ಣಿಗೆ ಕಟ್ಟಿದ ಹಾಗಿದೆ, ಈಗಲೂ.

ಬೀಗ ಹಾಕಿದ್ದರ ಕಥೆ ಹೇಳಿಬಿಡುತ್ತೇನೆ. ನಾಲ್ಕೈದು ಗುರುವಾರ ನಾನು ಹೋಗಲಿಲ್ಲ. ಮೊನ್ನೆ ಗುರುವಾರ ಮನೆಗೆ ಹೊರಟವಳು ನೋಡಿದರೆ, ಎಲ್ಲರೂ ಮೆಟ್ಟಿಲ ಮೇಲೆಯೇ ಕೂತಿದ್ದಾರೆ. ಇಳಿಯುವವರು ಹತ್ತುವವರು ಅವರ ಕಾಲು ದಾಟಿ ಹೋಗುತ್ತಿದ್ದಾರೆ. ಕೆಟಲು ಒಳಗೇ ಬೀಗದಲ್ಲಿತ್ತಲ್ಲ, ಯಾರೋ ಫ್ಲಾಸ್ಕ್ ತಂದಿದ್ದರು. ಕೊನೆಯ ಮೆಟ್ಟಿಲಲ್ಲಿ ಉದ್ದಣ್ಣ ನಿಂತಿದ್ದ. ಕೆಲಸ ಸಿಕ್ಕವರು ನಮ್ಮಲ್ಲಿ ಸದ್ದಿಲ್ಲದೆ ಜಾಗ ಖಾಲಿ ಮಾಡುತ್ತಾರೆ. ಸಿಕ್ಕ ಮೇಲೂ ಬಂದವನು ಅವನೇ ಮೊದಲಿಗ.

"ಗೊದಮೊಟ್ಟೆ ಚೆನ್ನಾಗಿದ್ಯಾ?" ಎಂದೆ, ಚುಚ್ಚಲೆಂದೇ.

ಅವನ ಮುಖ ಸಣ್ಣದಾಯಿತು. "ಅವ್ರು ಕೇಳಿದ ಕೂಡ್ಲೇ ತಲೆ ಖಾಲಿ ಆಗೋಯ್ತು. ಬಾಯಿಗೆ ಬಂದಿದ್ದು ಅದೊಂದೇ. ಹೊರಗೆ ಬಂದ್ಮೇಲೆ ಗೊತ್ತಾಯ್ತು ಏನ್ ಮಾಡ್ದೆ ಅಂತ. ನಿಮಗೆ ಮುಖ ತೋರ್ಸೋಕೆ ಆಗ್ದೆ ಮುಂಚೇನೇ ಬಸ್ ಹತ್ಬಿಟ್ಟೆ" ಎಂದ.

ನಾನು ಏನೋ ಹೇಳಬೇಕೆನ್ನುವಷ್ಟರಲ್ಲಿ ಮೌನಿ ಬಾಯಿ ತೆಗೆದಳು. ಇಡೀ ಮೆಟ್ಟಿಲು ತಿರುಗಿ ನೋಡಿತು. "ನಂಗೆ ಕಥೆ ಇಲ್ಲ ಅಂತಲ್ಲ. ನಂದು ಹೇಳೋ ಹಾಗಿಲ್ಲ. ನಮ್ಮನೆಯವರಿಗೆ ಈ ಊರಲ್ಲಿ ಕೆಲಸ ಆಯ್ತು. ಮನೆಗೆ ಹತ್ತಿರ ಇದ್ದಿದ್ದು ಇದೊಂದೇ ಲ್ಯಾಬು. ಹೋಗಿ ಬಾಗಿಲು ತಟ್ಟಿದೆ. ಅಷ್ಟೇ ನನ್ನ ವಿಜ್ಞಾನ." ಆಮೇಲೆ ಒಬ್ಬ, "ನಂಗೆ ಡಾಕ್ಟರ್ ಸೀಟು ಸಿಗ್ಲಿಲ್ಲ" ಎಂದ. ಇನ್ನೊಬ್ಬಳು, "ಎಂಜಿನಿಯರಿಂಗ್ ಓದಿದ್ರೆ ಮದುವೆ ಮಾಡ್ಬಿಡ್ತಿದ್ರು, ಇದು ಮುಗಿಯೋದೇ ಇಲ್ವಲ್ಲ ಅಂತ ಇದಕ್ಕೆ ಸೇರ್ದೆ" ಎಂದಳು. ಉದ್ದಣ್ಣನಂತೂ ತಪ್ಪು ಕ್ಯೂನಲ್ಲಿ ನಿಂತು ಅರ್ಜಿ ಕೊಟ್ಟು ಸೇರಿಕೊಂಡವನಂತೆ. ನಾವು ನಕ್ಕ ಸದ್ದಿಗೆ ಮಗು ಎದ್ದು ಅಳತೊಡಗಿತು.

ಆಮೇಲೆ ನನ್ನ ಸರದಿ ಬಂತು. ಎಲ್ಲರೂ ನನ್ನ ಮುಖ ನೋಡಿದರು. ಗೊದಮೊಟ್ಟೆ ನನ್ನ ತಮ್ಮನದು ಎಂದು ಒಪ್ಪಿಕೊಂಡೆ. ಅದಕ್ಕೆ ಇನ್ನೊಂದು ಸುತ್ತು ನಗು. "ಹಾಗಾದ್ರೆ ನಿಮ್ದು?" ಎಂದಳು ಮೌನಿ. ಟೀ ಆರಿಹೋಯಿತು ಎಂದು ಎದ್ದು ಕೋಣೆಯ ಬೀಗ ತೆಗೆದೆ.

ಅವತ್ತಿನಿಂದ ಒಂದು ಹೊಸ ನಿಯಮ ಬಂದಿದೆ. ಎಲ್ಲಿಗೆ ಅರ್ಜಿ ಹಾಕಿದ್ದರೂ ಬಾಯಿಬಿಟ್ಟು ಹೇಳಬೇಕು. ದೂರದ ಒಂದು ಸಣ್ಣ ವಿಶ್ವವಿದ್ಯಾಲಯಕ್ಕೆ ಹಾಕಿದ್ದೇನೆ ಎಂದೆ. ಮೌನಿ, "ನಾನೂ" ಎಂದಳು.

ನೀನು ಕೇಳಿದ್ದಕ್ಕೆ ನನ್ನಲ್ಲಿ ಉತ್ತರವಿಲ್ಲ. ಅದೇ ಈಗ ಎಲ್ಲಕ್ಕಿಂತ ಹೆಚ್ಚು ಹೆದರಿಕೆ. ಮೀನಿಗೆ ಆಹಾರ ಹಾಕುವಾಗಲೂ ಯಾಕೆ ಯಾಕೆ ಎಂದು ತಲೆಯಲ್ಲಿ ಕೊರೆಯುತ್ತದೆ. ಬರೀ ಅಭ್ಯಾಸಬಲವಾಗಿದ್ದರೆ? ಇಷ್ಟು ವರ್ಷ ಅದಕ್ಕಾ?

ಅಕ್ಕ


ಜೂನ್ 10

ಅಕ್ಕಾ,

ಬಂದರಿನಲ್ಲಿ ಸರಕು ಇಳಿಸುತ್ತಿದ್ದಾರೆ, ಎರಡೇ ಸಾಲು ಬರೆಯಲು ಹೊತ್ತು. ನಿನ್ನನ್ನು ಪೇಚಿಗೆ ಸಿಕ್ಕಿಸಬೇಕು ಅಂತ ಕೇಳಿದ್ದಲ್ಲ. ಈಗ ಆ ಪ್ರಶ್ನೆ ವಾಪಸ್ ತಗೊಂಡೆ, ನೆಮ್ಮದಿಯಾಗಿ ಮೀನು ನೋಡಿಕೋ. ಗೊತ್ತಿಲ್ಲದಿದ್ದರೆ ಗೊತ್ತಿಲ್ಲ ಅಂದುಬಿಡು, ಗಲ್ಲಿಗೇನೂ ಹಾಕಲ್ಲ.

ಜೂನ್ ವಿಷಯ ಅಮ್ಮನಿಗೆ ಜನವರಿಯಲ್ಲೇ ಗೊತ್ತಿತ್ತಂತೆ. ನಿನಗೆ ಹೇಳಬೇಡ ಅಂದಿದ್ದಳು. ಇಬ್ಬರ ನಡುವೆ ನನ್ನ ಬಾಯಿ ಹೊಲಿದು ಹಾಕಿದ್ದೀರಿ.

ತಮ್ಮ


ಜುಲೈ 19

ತಮ್ಮಾ,

ಒಪ್ಪಂದ ಮುಗಿದದ್ದು ಜೂನ್ ಕೊನೆಯ ಶುಕ್ರವಾರ. ಮೇಜು ಖಾಲಿ ಮಾಡಿದೆ, ಮೀನಿನ ತೊಟ್ಟಿಗಳನ್ನು ಮೌನಿಗೆ ಒಪ್ಪಿಸಿದೆ. ಅವಳಿಗಿನ್ನೂ ಒಂದು ವರ್ಷವಿದೆ. ಬಳಗದವರೆಲ್ಲ ಟೀ ಬಡಿಸಿದರು, ನಾನು ಅಳಲಿಲ್ಲ. ಬಾಸ್ ಇನ್ನೊಮ್ಮೆ ಬುದ್ಧಿವಂತರು ಎಂದರು.

ಸೋಮವಾರ ಬೆಳಗ್ಗೆ ಎದ್ದು ಸ್ನಾನ ಮಾಡಿ, ಅಮ್ಮ ಕಟ್ಟಿಕೊಟ್ಟ ಊಟದ ಡಬ್ಬಿ ಬ್ಯಾಗಿಗೆ ಹಾಕಿಕೊಂಡು ಲ್ಯಾಬಿಗೆ ಹೋದೆ. ಬಾಗಿಲಿಗೆ ಕಾರ್ಡು ಹಿಡಿದರೆ ಕೆಂಪು ದೀಪ. ಇನ್ನೊಮ್ಮೆ ಹಿಡಿದೆ, ಕೆಂಪು. ಕಾರ್ಡು ಒರೆಸಿ ಹಿಡಿದೆ. ಆಗ ನೆನಪಾಯಿತು. ಬೆಳಗ್ಗೆಯಿಂದ ಅಮ್ಮನಿಗೂ ಹೊಳೆದಿಲ್ಲ, ನನಗೂ ಹೊಳೆದಿಲ್ಲ.

ವಾಪಸು ಹೊರಡಬೇಕಿತ್ತು. ಆದರೆ ಬಾಗಿಲು ಗಾಜಿನದು. ಒಳಗೆ ಮೌನಿ ನನಗೆ ಬೆನ್ನು ಹಾಕಿ ಮರಿಗಳನ್ನು ನೋಡುತ್ತಿದ್ದಳು. ಅವಳ ಎಡಗಡೆಯ ತೊಟ್ಟಿಯ ಹೀಟರ್ ದೀಪ ಆರಿತ್ತು. ಅದರಲ್ಲಿದ್ದದ್ದು ಒಪ್ಪಂದ ಮುಗಿಯುವ ವಾರ ನಾನು ಹೃದಯದ ತುದಿ ಕತ್ತರಿಸಿದ ಮೀನುಗಳು. ನೀರು ತಣ್ಣಗಾದರೆ ಅವು ಉಳಿಯುವುದಿಲ್ಲ. ಗಾಜು ಬಡಿದೆ. ಅವಳು ತಿರುಗಿ, ನನ್ನ ಅವಸ್ಥೆ ನೋಡಿ, ಅಯ್ಯೋ ಪಾಪ ಎಂದು ಬಾಗಿಲು ತೆಗೆಯಲು ಓಡಿ ಬಂದಳು. ನಾನು ಎರಡೂ ಕೈ ಬೀಸಿ, "ಬಾಗ್ಲು ಬೇಡ ಮಾರಾಯ್ತಿ, ಮೊದ್ಲು ಹೀಟರ್ ನೋಡು!" ಎಂದು ಕಿರುಚಿದೆ. ಕಾರಿಡಾರಿನಲ್ಲಿ ಹೋಗುವವರೆಲ್ಲ ನಿಂತು ನೋಡಿದರು. ಹೀಟರ್ ದೀಪ ಹೊತ್ತಿಕೊಂಡ ಮೇಲೂ ನಾನು ಅಲ್ಲೇ ನಿಂತಿದ್ದೆ. ಮೀನು ರೆಕ್ಕೆ ಆಡಿಸುವವರೆಗೂ ನಿಂತಿದ್ದೆ.

ಆ ಸಣ್ಣ ವಿಶ್ವವಿದ್ಯಾಲಯದಿಂದ ಕರೆ ಬಂದದ್ದು ನನಗೆ, ಮೌನಿಗಲ್ಲ. ಆದರೂ ಅವಳೇ ನನ್ನನ್ನು ಕೂರಿಸಿ ಅಣಕು ಸಂದರ್ಶನ ಮಾಡಿದಳು. ನನಗಿಂತ ದೊಡ್ಡ ಯಮ. ಉದ್ದಣ್ಣ ತನ್ನ ಹೊಸ ಊರಿನಿಂದ ಬಸ್ ಹತ್ತಿ ಬಂದು ನನ್ನ ಭಾಷಣದಲ್ಲಿ ಎರಡು ತೂತು ಹುಡುಕಿದ. ಯಾಕೆ ಬಂದಿರಿ ಎಂಬ ಪ್ರಶ್ನೆಯನ್ನು ಮಾತ್ರ ಇಬ್ಬರೂ ಕೇಳಲಿಲ್ಲ.

ಅಲ್ಲಿ ಕೇಳಿದರು. ನನ್ನ ಹತ್ತಿರ ತಯಾರಿ ಏನೂ ಇರಲಿಲ್ಲ. "ಯಾಕೆ ಬಂದೆ ಅಂತ ಗೊತ್ತಿಲ್ಲ. ಯಾಕೆ ಬಿಟ್ಟು ಹೋಗೋಕೆ ಆಗ್ತಿಲ್ಲ ಅಂತ ಮಾತ್ರ ಹೋದ ಸೋಮವಾರ ಗೊತ್ತಾಯ್ತು" ಎಂದು, ಆ ಬಾಗಿಲ ವಿಷಯ ಇದ್ದದ್ದು ಇದ್ದ ಹಾಗೆ ಹೇಳಿದೆ. ಮಧ್ಯದಲ್ಲಿ ಒಮ್ಮೆ ನೀರು ಕುಡಿದು ಮುಗಿಸಿದೆ. ಯಾರೂ ನಗಲಿಲ್ಲ. ಮೂಲೆಯಲ್ಲಿದ್ದ ವಯಸ್ಸಾದ ಒಬ್ಬರು, "ಮೀನು ಉಳೀತಾ?" ಎಂದರು. ಉಳಿದಿವೆ ಎಂದೆ.

ನಿನ್ನೆ ಪತ್ರ ಬಂತು. ಕೆಲಸ ಸಿಕ್ಕಿದೆ ಕಣೋ. ಬಾಗಿಲಲ್ಲೇ ನಿಂತು ಒಮ್ಮೆ ಓದಿ, ಮನೆಯೊಳಗೆ ಹೋಗಿ ಅಮ್ಮನಿಗೆ ಹೇಳಿದೆ. ಅಮ್ಮ ಯಂತ್ರ ನಿಲ್ಲಿಸಲಿಲ್ಲ. ಬಟ್ಟೆ ಮೇಲೇ ಕಣ್ಣಿಟ್ಟುಕೊಂಡು, "ಇದು ಎಷ್ಟು ದಿನಕ್ಕೆ?" ಎಂದಳು.

"ನಿವೃತ್ತಿ ಆಗೋವರೆಗೂ ಅಮ್ಮ."

ಯಂತ್ರ ನಿಂತಿತು. "ಸರಿಯಾಗಿ ಓದು" ಎಂದಳು.

ಅವಳ ಪಕ್ಕ ನೆಲದ ಮೇಲೆ ಕೂತು, ಮೊದಲಿನಿಂದ ಮತ್ತೆ ಓದಿದೆ. ಈ ಸಲ ಗಟ್ಟಿಯಾಗಿ.

ನಿನ್ನ ಅಕ್ಕ